ಹೇಳಿಕೊಂಡರೆ ಮನಸ್ಸು ಹಗುರ, ಹೊರೆ ಇಳಿಸುವವರು ಯಾರು?

ಬೆಳಿಗ್ಗೆ ಆರೂವರೆಗೆ ಊರ ಮುಂದಿನ ಅರಳಿಕಟ್ಟೆ ಹತ್ತಿರ ಗಾರ್ಮೆಂಟ್ಸ್ ಬಸ್ಸು ಬಂದು ಹಾರ್ನ್ ಹೊಡೆಯುತ್ತದೆ. ಕೈಯಲ್ಲಿ ಊಟದ ಡಬ್ಬಿ, ಇನ್ನೂ ಒಣಗದ ಕೂದಲು, ಅರ್ಧ ನಿದ್ದೆ. ನಮ್ಮ ಅಕ್ಕಂದಿರು, ಚಿಕ್ಕಮ್ಮಂದಿರು, ಪಕ್ಕದ ಮನೆಯವರು ಓಡಿ ಬಂದು ಹತ್ತುತ್ತಾರೆ. ಈ ಬ್ಲಾಗ್ ಬರೆಯುವ ನಮ್ಮಲ್ಲಿ ಹಲವರ ಓದು ನಡೆದದ್ದು ಆ ಬಸ್ಸಿನಲ್ಲಿ ಹೋದವರ ಸಂಬಳದಿಂದಲೇ.

ಈಚೆಗೆ ಅವರಲ್ಲಿ ಒಬ್ಬರು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಅವರ ಫ್ಯಾಕ್ಟರಿಯಲ್ಲಿ ಹೊಸದಾಗಿ ಒಂದು ಸಣ್ಣ ಕೋಣೆ ಮಾಡಿ, ಬಾಗಿಲಿಗೆ ‘ಆಪ್ತ ಸಮಾಲೋಚನಾ ಕೊಠಡಿ’ ಎಂದು ಬೋರ್ಡು ಹಾಕಿದ್ದಾರಂತೆ. ವಾರಕ್ಕೆ ಎರಡು ದಿನ ಒಬ್ಬ ಮೇಡಂ ಬಂದು ಕೂರುತ್ತಾರಂತೆ. "ಕಷ್ಟ ಇದ್ದರೆ ಹೇಳಿಕೊಳ್ಳಿ ಅಂತಾರೆ. ಅಲ್ಲಿ ಹೋಗಿ ಹೇಳಿಕೊಂಡರೆ ಏನಾದರೂ ಆಗುತ್ತಾ? ಇಲ್ಲಾ ನಮ್ಮ ಬಾಯಿಂದ ಮಾತು ತೆಗೆದು ಮೇಲಿನವರಿಗೆ ಕೊಡ್ತಾರಾ?"

ಪ್ರಶ್ನೆ ಚಿಕ್ಕದು. ಉತ್ತರ ಹುಡುಕುತ್ತ ಹೋದರೆ ನಾವು ತಲುಪಿದ್ದು ಸುಮಾರು ನೂರು ವರ್ಷದ ಹಿಂದಿನ ಅಮೆರಿಕಕ್ಕೆ. ಈ ಪ್ರಶ್ನೆಯನ್ನು ಒಂದು ಕಾರ್ಖಾನೆ ಇಪ್ಪತ್ತು ವರ್ಷ ಪ್ರಯೋಗ ಮಾಡಿ ನೋಡಿದೆ. ಅದರ ಕಥೆ ನಮ್ಮ ಬಸ್ಸಿನವರಿಗೆ ಗೊತ್ತಿರಬೇಕು ಅನ್ನಿಸಿತು. ಅದಕ್ಕೇ ಈ ಬರಹ.

ಟೆಲಿಫೋನ್ ಮಾಡುತ್ತಿದ್ದ ಊರಿನಂಥ ಕಾರ್ಖಾನೆ

ಶಿಕಾಗೊ ನಗರದ ಪಕ್ಕದಲ್ಲಿ ಸಿಸೆರೊ ಎಂಬ ಊರು. ಅಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಇತ್ತು. ಅಮೆರಿಕದ ಮನೆ, ಆಫೀಸುಗಳಿಗೆ ಬೇಕಾದ ಟೆಲಿಫೋನು, ವೈರು, ಸ್ವಿಚ್ಚುಗಳು ಅಲ್ಲಿ ತಯಾರಾಗುತ್ತಿದ್ದವು. ಅದು ಒಂದೆರಡು ಶೆಡ್ಡಿನ ಕಾರ್ಖಾನೆಯಲ್ಲ. 1920ರ ದಶಕದಲ್ಲಿ ಅಲ್ಲಿ ಹತ್ತಾರು ಸಾವಿರ ಜನ ದುಡಿಯುತ್ತಿದ್ದರು. ಅದರಲ್ಲಿ ಬಹಳಷ್ಟು ಜನ ಯುರೋಪಿನ ಹಳ್ಳಿಗಳಿಂದ ಹೊಟ್ಟೆಪಾಡಿಗೆ ವಲಸೆ ಬಂದ ಕುಟುಂಬದವರು. ಹೆಣ್ಣುಮಕ್ಕಳೂ ದೊಡ್ಡ ಸಂಖ್ಯೆಯಲ್ಲಿದ್ದರು.

1924ರಲ್ಲಿ ಅಲ್ಲಿ ಒಂದು ಪ್ರಯೋಗ ಶುರುವಾಯಿತು. ದೀಪದ ಬೆಳಕು ಹೆಚ್ಚಿಸಿದರೆ ಕೆಲಸ ಹೆಚ್ಚುತ್ತದೆಯೇ ಎಂದು ನೋಡುವುದು ಉದ್ದೇಶ. ಬೆಳಕಿಗೂ ಉತ್ಪಾದನೆಗೂ ನೇರ ಸಂಬಂಧ ಸಿಗಲಿಲ್ಲ. ಹಾಗಾದರೆ ಮನುಷ್ಯರ ಮನಸ್ಸಿನಲ್ಲಿ ಏನೋ ಇದೆ ಎಂಬ ಅನುಮಾನ ಹುಟ್ಟಿತು.

1927ರಲ್ಲಿ ಐದು ಹೆಣ್ಣುಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ ಟೆಲಿಫೋನಿನ ರಿಲೇ ಎಂಬ ಸಣ್ಣ ಭಾಗ ಜೋಡಿಸಲು ಕೊಟ್ಟರು. ನಡುನಡುವೆ ವಿಶ್ರಾಂತಿ ಕೊಟ್ಟರು, ಕೆಲಸದ ಹೊತ್ತು ಕಡಿಮೆ ಮಾಡಿದರು, ಕೂಲಿ ಲೆಕ್ಕವನ್ನು ಆ ಚಿಕ್ಕ ಗುಂಪಿನ ಉತ್ಪಾದನೆಗೆ ಸೇರಿಸಿದರು. ಪಕ್ಕದಲ್ಲಿ ಒಬ್ಬರು ಕೂತು ಅವರ ಮಾತುಗಳನ್ನೂ ಬರೆದುಕೊಳ್ಳುತ್ತಿದ್ದರು. ಕೆಲಸ ಏರುತ್ತ ಹೋಯಿತು. ‘ಮನುಷ್ಯರ ಕಡೆ ಗಮನ ಕೊಟ್ಟರೆ ಸಾಕು, ಚೆನ್ನಾಗಿ ದುಡಿಯುತ್ತಾರೆ’ ಎಂಬ ಪಾಠವನ್ನು ಲೋಕವೆಲ್ಲ ಇಲ್ಲಿಂದಲೇ ಕಲಿಯಿತು. ಇವತ್ತಿಗೂ ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ಇದೇ ಪಾಠ.

ಆದರೆ ಆ ಪಾಠದಲ್ಲಿ ಹೆಚ್ಚಾಗಿ ಹೇಳದ ಒಂದು ಸಂಗತಿ ಇದೆ. ಐವರಲ್ಲಿ ಇಬ್ಬರು ಮಾತು ಜಾಸ್ತಿ ಆಡುತ್ತಾರೆ, ಸಹಕಾರ ಸಾಲದು ಎಂದು 1928ರ ಜನವರಿಯಲ್ಲಿ ಅವರನ್ನು ಆ ಕೋಣೆಯಿಂದ ತೆಗೆದು ಬೇರೆ ಇಬ್ಬರನ್ನು ಕೂರಿಸಿದರು. ಮಾತು ಕೇಳಿಸಿಕೊಳ್ಳಲು ಮಾಡಿದ ಕೋಣೆಯಲ್ಲೂ ಎಷ್ಟು ಮಾತಾಡಬಹುದು ಎಂದು ತೀರ್ಮಾನಿಸುವವರು ಬೇರೆಯೇ ಇದ್ದರು. ಇದನ್ನು ನೆನಪಿಟ್ಟುಕೊಳ್ಳೋಣ.

ಇಪ್ಪತ್ತೊಂದು ಸಾವಿರ ಜನರ ಮಾತು

1928ರಲ್ಲಿ ಕಂಪನಿ ಇನ್ನೊಂದು ಹೆಜ್ಜೆ ಇಟ್ಟಿತು. ಕಾರ್ಮಿಕರನ್ನೇ ಒಬ್ಬೊಬ್ಬರಾಗಿ ಕರೆದು ಕೂರಿಸಿ ಮಾತಾಡಿಸಿದರೆ ಹೇಗೆ? ಮೊದಲ ವರ್ಷ 1,600 ಜನರ ಜೊತೆ ಮಾತಾಯಿತು. 1930 ಮುಗಿಯುವಷ್ಟರಲ್ಲಿ ಒಟ್ಟು 21,126 ಜನರ ಜೊತೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್ಟನ್ ಮೇಯೊ, ಫ್ರಿಟ್ಜ್ ರೋಥ್ಲಿಸ್‌ಬರ್ಗರ್ ಮತ್ತು ಕಂಪನಿಯವರೇ ಆದ ವಿಲಿಯಂ ಡಿಕ್ಸನ್ ಈ ಕೆಲಸದ ಹಿಂದೆ ಇದ್ದವರು.

ಮೊದಮೊದಲು ಪ್ರಶ್ನೆಪಟ್ಟಿ ಇತ್ತು. ಮೇಸ್ತ್ರಿ ಹೇಗೆ, ಕೆಲಸ ಹೇಗೆ, ಜಾಗ ಹೇಗೆ ಎಂದು ಕೇಳುತ್ತಿದ್ದರು. ಜನ ಪ್ರಶ್ನೆಗೆ ಒಂದು ಮಾತಿನ ಉತ್ತರ ಕೊಟ್ಟು, ಮತ್ತೆ ತಮ್ಮ ಮನಸ್ಸಿನಲ್ಲಿದ್ದ ಬೇರೆ ವಿಷಯಕ್ಕೇ ಹೋಗುತ್ತಿದ್ದರು. ಆಗ ಪಟ್ಟಿ ಬಿಟ್ಟರು. ನೀವೇ ಮಾತಾಡಿ, ನಾವು ಕೇಳುತ್ತೇವೆ ಎಂದರು. ಅರ್ಧ ಗಂಟೆಯ ಮಾತು ಒಂದೂವರೆ ಗಂಟೆಗೆ ಹಿಗ್ಗಿತು.

ಆ ಮಾತುಕತೆಯಲ್ಲಿ ಬಂದ ಒಂದು ಘಟನೆಯನ್ನು ಮೇಯೊ ಬರೆದಿದ್ದಾನೆ. ಒಬ್ಬ ಹೆಂಗಸಿಗೆ ತನ್ನ ಮೇಲ್ವಿಚಾರಕನನ್ನು ಕಂಡರೆ ಆಗುತ್ತಿರಲಿಲ್ಲ. ಮಾತಾಡುತ್ತ ಮಾತಾಡುತ್ತ ಆಕೆಗೇ ಹೊಳೆಯಿತು: ಅವನ ಮುಖ ತಾನು ದ್ವೇಷಿಸುತ್ತಿದ್ದ ಮಲತಂದೆಯ ಮುಖದಂತೆ ಕಾಣುತ್ತಿತ್ತು, ಅಷ್ಟೇ. ಅವನು ಮಾಡಿದ ತಪ್ಪು ಏನೂ ಇರಲಿಲ್ಲ. ಇಲ್ಲಿ ಯಾರೂ ಬುದ್ಧಿ ಹೇಳಲಿಲ್ಲ. ಯಾರೋ ಒಬ್ಬರು ಸುಮ್ಮನೆ ಕೇಳಿಸಿಕೊಂಡರು, ಗಂಟು ತಾನೇ ಬಿಚ್ಚಿಕೊಂಡಿತು. ಇದು ಕೌನ್ಸೆಲಿಂಗಿನ ನಿಜವಾದ ಶಕ್ತಿ.

ಇನ್ನೊಂದು ಘಟನೆ ಇದಕ್ಕಿಂತ ಸ್ವಾರಸ್ಯದ್ದು. ಕಂಪನಿಯ ಊಟದ ಮನೆಯ ಅಡುಗೆ ಚೆನ್ನಾಗಿಲ್ಲ ಎಂದು ಒಬ್ಬ ಹೆಂಗಸು ಕೇಳುವವರ ಮುಂದೆ ತುಂಬಾ ಹೊತ್ತು ದೂರಿದಳು. ಕೆಲವು ದಿನ ಕಳೆದು ಮತ್ತೆ ಸಿಕ್ಕಾಗ ‘ನನ್ನ ಮಾತು ಮೇಲಿನವರಿಗೆ ಮುಟ್ಟಿಸಿದ್ದಕ್ಕೆ ಉಪಕಾರವಾಯಿತು, ಈಗ ಊಟ ಸುಧಾರಿಸಿದೆ’ ಎಂಬ ಅರ್ಥದಲ್ಲಿ ಧನ್ಯವಾದ ಹೇಳಿದಳು. ನಿಜ ಏನೆಂದರೆ, ಆಕೆಯ ದೂರನ್ನು ಯಾರಿಗೂ ಮುಟ್ಟಿಸಿರಲಿಲ್ಲ. ಅಡುಗೆಯೂ ಬದಲಾಗಿರಲಿಲ್ಲ. ಬದಲಾಗಿದ್ದು ಆಕೆಯ ಮನಸ್ಸು ಮಾತ್ರ.

ಈ ಘಟನೆಯನ್ನು ಎರಡು ರೀತಿ ಓದಬಹುದು. ನೋಡಿ, ಹೇಳಿಕೊಂಡರೆ ಎಷ್ಟು ಸಮಾಧಾನ ಎನ್ನಬಹುದು. ಅಥವಾ, ನೋಡಿ, ಸಾರು ಬದಲಾಯಿಸದೆಯೇ ಸಾರು ರುಚಿ ಎನ್ನುವಂತೆ ಮಾಡಬಹುದು ಎನ್ನಬಹುದು. ಕಂಪನಿ ಯಾವ ರೀತಿ ಓದಿಕೊಂಡಿತು ಎಂಬುದರ ಮೇಲೆ ಮುಂದಿನ ಕಥೆ ನಿಂತಿದೆ.

ಹೆಚ್ಚು ಮಾಡಿದರೆ ರೇಟು ಇಳಿಯುತ್ತದೆ

ಅದಕ್ಕೂ ಮೊದಲು ಇನ್ನೊಂದು ಕೋಣೆ ನೋಡಿಬರೋಣ. 1929ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಮಹಾ ಆರ್ಥಿಕ ಕುಸಿತ ಶುರುವಾಯಿತು. ಹಾಥಾರ್ನ್‌ನಲ್ಲೂ ಸಾವಿರಾರು ಜನ ಕೆಲಸ ಕಳೆದುಕೊಂಡರು. ಮಾತುಕತೆಯ ಕಾರ್ಯಕ್ರಮವೂ ನಿಂತಿತು.

ಅದೇ ಕಾಲದಲ್ಲಿ, 1931ರ ನವೆಂಬರಿನಿಂದ 1932ರ ಮೇ ವರೆಗೆ, ವೈರು ಜೋಡಿಸುವ 14 ಗಂಡಸರ ಒಂದು ಗುಂಪನ್ನು ಗಮನಿಸಿದರು. ಅವರು ತಮ್ಮೊಳಗೇ ಒಂದು ಲೆಕ್ಕ ಇಟ್ಟುಕೊಂಡಿದ್ದರು. ದಿನಕ್ಕೆ ಇಷ್ಟೇ ಮಾಡಬೇಕು. ಜಾಸ್ತಿ ಮಾಡಿದವನ ತೋಳಿಗೆ ಜೊತೆಗಾರರೇ ಗುದ್ದು ಕೊಡುತ್ತಿದ್ದರು. ಯಾಕೆ? ಹೆಚ್ಚು ಮಾಡಿ ತೋರಿಸಿದರೆ ಕಂಪನಿ ಕೂಲಿಯ ರೇಟು ಇಳಿಸುತ್ತದೆ, ಇಲ್ಲವೇ ಕೆಲವರನ್ನು ತೆಗೆದುಹಾಕುತ್ತದೆ ಎಂಬ ಭಯ.

ನಮ್ಮ ಗಾರ್ಮೆಂಟ್ಸ್ ಅಕ್ಕಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇವತ್ತು ಗಂಟೆಗೆ ಹತ್ತು ಪೀಸು ಜಾಸ್ತಿ ಹೊಲಿದರೆ ನಾಳೆ ಅದೇ ಟಾರ್ಗೆಟ್ ಆಗುತ್ತದೆ. ಈ ಭಯ ಮನಸ್ಸಿನ ಕಾಯಿಲೆಯಲ್ಲ, ಲೆಕ್ಕ. ಆ 14 ಜನರನ್ನು ಎಷ್ಟು ಹೊತ್ತು ಕೂರಿಸಿ ಮಾತಾಡಿಸಿದರೂ ರೇಟು ಇಳಿಸುವುದಿಲ್ಲ ಎಂಬ ನಂಬಿಕೆ ಬರುವ ತನಕ ಆ ಭಯ ಹೋಗುವಂಥದ್ದಲ್ಲ.

ಅಧಿಕಾರವಿಲ್ಲದ ಕಿವಿ

1935ರಲ್ಲಿ ಅಮೆರಿಕದಲ್ಲಿ ಕಾರ್ಮಿಕರು ಸಂಘ ಕಟ್ಟುವ ಹಕ್ಕನ್ನು ಕಾಪಾಡುವ ಕಾಯ್ದೆ ಬಂತು. ಮರುವರ್ಷ, 1936ರಲ್ಲಿ, ಹಾಥಾರ್ನ್‌ನಲ್ಲಿ ಕೌನ್ಸೆಲಿಂಗ್ ಕಾರ್ಯಕ್ರಮ ಶುರುವಾಯಿತು. ಈ ಬಾರಿ ಅದು ಒಂದು ಸಲದ ಮಾತಲ್ಲ, ಕಾಯಂ ವ್ಯವಸ್ಥೆ.

ಕೌನ್ಸೆಲರುಗಳು ಕೋಣೆಯಲ್ಲಿ ಕೂತು ಕಾಯುತ್ತಿರಲಿಲ್ಲ. ಯಂತ್ರಗಳ ನಡುವೆ ಓಡಾಡುತ್ತಿದ್ದರು, ಕೆಲಸದ ಮೇಜಿನ ಹತ್ತಿರ ನಿಂತು ಕ್ಷೇಮ ಕೇಳುತ್ತಿದ್ದರು, ಮಾತು ದೊಡ್ಡದಾದರೆ ಬೇರೆ ಕಡೆ ಕರೆದುಕೊಂಡು ಹೋಗಿ ಕೇಳುತ್ತಿದ್ದರು. ಅವರು ಡಾಕ್ಟರುಗಳಲ್ಲ. ಹೆಚ್ಚಿನವರು ಕಂಪನಿಯೊಳಗಿನಿಂದಲೇ ಬಂದು ತರಬೇತಿ ಪಡೆದವರು. ಅವರಿಗೆ ನಿಯಮಗಳಿದ್ದವು: ಬುದ್ಧಿ ಹೇಳಬಾರದು, ವಾದ ಮಾಡಬಾರದು, ಸರಿ ತಪ್ಪು ತೀರ್ಪು ಕೊಡಬಾರದು, ಯಾರು ಏನು ಹೇಳಿದರು ಎಂಬುದನ್ನು ಮೇಲಿನವರಿಗೆ ಹೇಳಬಾರದು.

ಇವೆಲ್ಲ ಒಳ್ಳೆಯ ನಿಯಮಗಳು. ಇವತ್ತಿಗೂ ಒಳ್ಳೆಯ ಕೌನ್ಸೆಲರ್ ಇವನ್ನೇ ಪಾಲಿಸುತ್ತಾರೆ. ಆದರೆ ಇವುಗಳ ಜೊತೆ ಇನ್ನೊಂದು ನಿಯಮವೂ ಇತ್ತು: ಕೌನ್ಸೆಲರ್ ಏನನ್ನೂ ಬದಲಾಯಿಸಲು ಕೈಹಾಕುವಂತಿಲ್ಲ. ಸಂಬಳ, ಬಡ್ತಿ, ಮೇಸ್ತ್ರಿ, ಪಾಳಿ ಯಾವುದೂ ಅವರ ಕೈಯಲ್ಲಿಲ್ಲ. ಕಿವಿ ಇದೆ, ಕೈ ಇಲ್ಲ.

ಕಾರ್ಯಕ್ರಮ ಬೆಳೆಯಿತು. 1948ರ ಹೊತ್ತಿಗೆ 55 ಕೌನ್ಸೆಲರುಗಳು, ಅವರ ವ್ಯಾಪ್ತಿಯಲ್ಲಿ ಸುಮಾರು 21,000 ಕಾರ್ಮಿಕರು. ಅಂದರೆ ಹೆಚ್ಚುಕಡಿಮೆ 380 ಜನರಿಗೆ ಒಬ್ಬರು. ಅಷ್ಟು ದೊಡ್ಡ ಪ್ರಯತ್ನ.

ಆದರೆ ಮುಂದಿನ ಏಳು ವರ್ಷದಲ್ಲಿ ಅದು ಕರಗಿತು. 1955ಕ್ಕೆ ಉಳಿದವರು 8 ಕೌನ್ಸೆಲರುಗಳು. 1956ರಲ್ಲಿ ಬಾಗಿಲು ಮುಚ್ಚಿತು.

ಯಾಕೆ ನಿಂತಿತು?

ಮೊದಲ ಕಾರಣ ಲೆಕ್ಕ. ಇಷ್ಟು ಜನರಿಗೆ ಸಂಬಳ ಕೊಟ್ಟು ಏನು ಸಿಕ್ಕಿತು ಎಂದು ಹೊಸ ಅಧಿಕಾರಿಗಳು ಕೇಳಿದಾಗ ತೋರಿಸಲು ಅಂಕಿಅಂಶ ಇರಲಿಲ್ಲ. ಮನಸ್ಸು ಹಗುರಾದದ್ದನ್ನು ತಕ್ಕಡಿಯಲ್ಲಿ ತೂಗಲಾಗುವುದಿಲ್ಲ. ಡಿಕ್ಸನ್ ಮತ್ತು ರೋಥ್ಲಿಸ್‌ಬರ್ಗರ್ 1966ರಲ್ಲಿ ಈ ಕಾರ್ಯಕ್ರಮದ ಬಗ್ಗೆಯೇ ಒಂದು ಪುಸ್ತಕ ಬರೆದರು. ತಾವೇ ಕಟ್ಟಿದ್ದು ಹೇಗೆ ಬೆಳೆಯಿತು, ಹೇಗೆ ಬಿತ್ತು ಎಂದು ಹಿಂತಿರುಗಿ ನೋಡಿದರು.

ಎರಡನೆಯ ಕಾರಣ ಇನ್ನೂ ಆಳದ್ದು. ಅದನ್ನು ಹೇಳಿದವರಲ್ಲಿ ಒಬ್ಬಾಕೆ ಅಲ್ಲೇ ಕೌನ್ಸೆಲರ್ ಆಗಿದ್ದವಳು. ಜೀನ್ ವಿಲೆನ್‌ಸ್ಕಿ ಮತ್ತು ಆಕೆಯ ಜೊತೆ ಹೆರಾಲ್ಡ್ ವಿಲೆನ್‌ಸ್ಕಿ 1951ರಲ್ಲಿ ಒಂದು ಲೇಖನ ಬರೆದರು. ಅದರ ಸಾರ ಇದು: ಕೌನ್ಸೆಲಿಂಗ್ ಕಾರ್ಮಿಕರ ಸಿಟ್ಟನ್ನು ಹೊರಗೆ ಹರಿಯಲು ಬಿಡುವ ತೂಬಿನ ಹಾಗೆ ಕೆಲಸ ಮಾಡುತ್ತದೆ. ಸಂಘದ ಮೂಲಕವೋ ದೂರಿನ ಮೂಲಕವೋ ಹೋಗಬೇಕಾದ ಮಾತು ಇಲ್ಲಿ ಬಂದು ತಣ್ಣಗಾಗುತ್ತದೆ. ಕೂಲಿಯ ಮಾತು, ಮೇಸ್ತ್ರಿಯ ಮಾತು ಎಲ್ಲವೂ ನಿಧಾನಕ್ಕೆ ‘ನಿಮ್ಮ ಮನಸ್ಸಿನ ಮಾತು’ ಆಗಿ ತಿರುಗುತ್ತದೆ. ಕೊನೆಗೆ ಲಾಭ ಕಂಪನಿಯದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎನ್ನುತ್ತಾರಲ್ಲ, ಹಾಗೆ. ಜ್ವರ ಇದ್ದದ್ದು ಕೆಲಸಕ್ಕೆ, ಮದ್ದು ಹಾಕಿದ್ದು ಕೆಲಸಗಾರಳಿಗೆ.

ಹಾಗೆಂದು ಆ ಕೌನ್ಸೆಲರುಗಳು ಕೆಟ್ಟವರು ಎಂದಲ್ಲ. ಮಗು ತೀರಿಕೊಂಡ ದುಃಖ, ಕುಡುಕ ಗಂಡ, ಯುದ್ಧಕ್ಕೆ ಹೋದ ಮಗ, ಇಂಥ ಸಂಕಟ ಹೊತ್ತು ಬಂದವರಿಗೆ ಕೇಳಿಸಿಕೊಳ್ಳುವ ಒಂದು ಕಿವಿ ಕಡಿಮೆ ಮಾತಲ್ಲ. ತೊಂದರೆ ಎಂದರೆ, ಎರಡು ಬೇರೆ ಬೇರೆ ನೋವುಗಳಿಗೆ ಒಂದೇ ಮದ್ದು ಕೊಟ್ಟದ್ದು.

ಅಹಮದಾಬಾದಿನ ಮಗ್ಗಗಳು

ಕೆಲಸಕ್ಕೇ ಜ್ವರ ಬಂದಾಗ ಏನು ಮಾಡಬಹುದು? ಇದಕ್ಕೆ ನಮ್ಮ ದೇಶದಲ್ಲೇ ಒಂದು ಉದಾಹರಣೆ ಇದೆ. ಹಾಥಾರ್ನ್‌ನಲ್ಲಿ ಕೌನ್ಸೆಲಿಂಗ್ ಕ್ಷೀಣಿಸುತ್ತಿದ್ದ ಕಾಲದಲ್ಲೇ, 1953ರಲ್ಲಿ, ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಎಂಬುವರು ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿಗೆ ಬಂದರು.

ಅಲ್ಲಿ ಹೊಸ ಸ್ವಯಂಚಾಲಿತ ಮಗ್ಗಗಳನ್ನು ಹಾಕಿದ್ದರು. ಯಂತ್ರ ಹೊಸದು, ಆದರೂ ನಿರೀಕ್ಷಿಸಿದಷ್ಟು ಬಟ್ಟೆ ಬರುತ್ತಿರಲಿಲ್ಲ, ಹಾಳಾಗುವುದು ಜಾಸ್ತಿ. ರೈಸ್ ನೋಡಿದರು: 224 ಮಗ್ಗ, 12 ಬಗೆಯ ಕೆಲಸ. ಒಬ್ಬರು ದಾರ ಕಟ್ಟಲು, ಒಬ್ಬರು ಕಂಡಿಕೆ ತುಂಬಲು, ಒಬ್ಬರು ಎಣ್ಣೆ ಹಾಕಲು. ಎಲ್ಲರೂ ಎಲ್ಲ ಮಗ್ಗಗಳ ನಡುವೆ ಓಡಾಟ. ಯಾರು ಯಾರ ಜೊತೆಗಾರರು ಎಂಬುದೇ ಗೊತ್ತಿಲ್ಲ. ಹಾಳಾದ ಬಟ್ಟೆಗೆ ಹೊಣೆ ಯಾರು ಎಂದೂ ಗೊತ್ತಿಲ್ಲ.

ಮಿಲ್ಲಿನವರು ಕೌನ್ಸೆಲರುಗಳನ್ನು ತಂದು ‘ಒತ್ತಡ ತಡೆದುಕೊಳ್ಳುವುದು ಹೇಗೆ’ ಎಂದು ಹೇಳಿಸಲಿಲ್ಲ. ಕೆಲಸ ಹಂಚುವ ರೀತಿಯನ್ನೇ ಬದಲಾಯಿಸಿದರು. ಏಳೇಳು ಜನರ ಗುಂಪು, ಆ ಗುಂಪಿಗೆ ಇಂತಿಷ್ಟು ಮಗ್ಗ, ಅವರದೇ ಜವಾಬ್ದಾರಿ. ಯಾರು ಯಾರ ಜೊತೆ ಸೇರಬೇಕು ಎಂಬುದನ್ನು ಕಾರ್ಮಿಕರೇ ಮಾತಾಡಿ ತೀರ್ಮಾನಿಸಿಕೊಂಡರು. ಬಟ್ಟೆ ಹೆಚ್ಚಿತು, ಹಾಳಾಗುವುದು ಇಳಿಯಿತು.

ಇಲ್ಲೂ ಕೇಳಿಸಿಕೊಳ್ಳುವುದು ಇತ್ತು. ವ್ಯತ್ಯಾಸ ಇಷ್ಟೇ, ಕೇಳಿದ ಮೇಲೆ ಕೈಯೂ ಆಡಿತು.

ಆಮೇಲಿನ ಪರೀಕ್ಷೆಗಳು

ಕೌನ್ಸೆಲಿಂಗ್ ಫಲ ಕೊಡುತ್ತದೆಯೇ ಎಂದು ಅಳೆದು ನೋಡುವ ಪ್ರಯತ್ನಗಳು ಆಮೇಲೆ ನಡೆದವು. ಅವುಗಳಲ್ಲಿ ಹೆಸರಾದದ್ದು ಬ್ರಿಟನ್ನಿನ ಅಂಚೆ ಇಲಾಖೆಯದು. 1980ರ ದಶಕದಲ್ಲಿ ಅಲ್ಲಿ ಲೀಡ್ಸ್ ಮತ್ತು ಮ್ಯಾಂಚೆಸ್ಟರ್ ಕಡೆಯ ಅಂಚೆ ನೌಕರರಿಗೆ ತರಬೇತಾದ ಕೌನ್ಸೆಲರುಗಳನ್ನು ಕೊಟ್ಟು, ಕೌನ್ಸೆಲಿಂಗಿಗೆ ಮುಂಚೆ ಹೇಗಿದ್ದರು, ನಂತರ ಹೇಗಾದರು ಎಂದು ಕ್ಯಾರಿ ಕೂಪರ್ ಮತ್ತು ಜೊತೆಗಾರರು ಅಳೆದರು.

ಫಲಿತಾಂಶ ಎರಡು ಭಾಗದ್ದು. ಕೌನ್ಸೆಲಿಂಗ್ ಪಡೆದವರ ಆತಂಕ ಇಳಿಯಿತು, ಖಿನ್ನತೆ ಇಳಿಯಿತು, ತಮ್ಮ ಮೇಲಿನ ನಂಬಿಕೆ ಹೆಚ್ಚಿತು, ರಜೆ ಹಾಕುವುದು ಕಡಿಮೆಯಾಯಿತು. ಆದರೆ ಕೆಲಸದ ಬಗೆಗಿನ ತೃಪ್ತಿ ಬದಲಾಗಲಿಲ್ಲ. ಸಂಸ್ಥೆಯ ಮೇಲಿನ ಅಭಿಮಾನವೂ ಹೆಚ್ಚಲಿಲ್ಲ.

ಇದು ಹಾಥಾರ್ನ್ ಹೇಳಿದ ಮಾತನ್ನೇ ಅಂಕಿಯಲ್ಲಿ ಹೇಳಿದಂತೆ. ಮನುಷ್ಯರು ಸುಧಾರಿಸಿದರು. ಕೆಲಸ ಇದ್ದ ಹಾಗೇ ಇತ್ತು, ಹಾಗಾಗಿ ಕೆಲಸದ ಬಗ್ಗೆ ಅವರ ಅಭಿಪ್ರಾಯವೂ ಇದ್ದ ಹಾಗೇ ಉಳಿಯಿತು. ಅವರ ಅಭಿಪ್ರಾಯ ಸರಿಯಾಗಿಯೇ ಇತ್ತು ಎನ್ನಬೇಕು.

ಅಕ್ಕನಿಗೆ ನಾವು ಕೊಟ್ಟ ಉತ್ತರ

ಹಾಗಾದರೆ ಆ ಕೋಣೆಗೆ ಹೋಗಬೇಕೋ ಬೇಡವೋ?

ಹೋಗಿ ಎಂದೆವು. ಮನಸ್ಸಿಗೆ ಭಾರವಾದಾಗ, ನಿದ್ದೆ ಬಾರದಾಗ, ಮನೆಯ ಜಗಳ ಮೆಷಿನ್ ಮುಂದೆ ಕೂತಾಗಲೂ ಬಿಡದಿದ್ದಾಗ ಹೋಗಿ. ಅದು ನಾಚಿಕೆಯ ವಿಷಯವಲ್ಲ, ಹುಚ್ಚೂ ಅಲ್ಲ. ಆದರೆ ಹೋಗುವ ಮುಂಚೆ ಎರಡು ಪ್ರಶ್ನೆ ಕೇಳಿ. ಒಂದು, ನಾನು ಹೇಳಿದ್ದು ಯಾರ ಕಿವಿಗೆ ಹೋಗುತ್ತದೆ? ಎರಡು, ನಾನು ಹೇಳಿದ್ದು ಕೆಲಸದ ತೊಂದರೆಯಾದರೆ, ನನ್ನ ಹೆಸರು ಹೇಳದೆ ಅದನ್ನು ಸರಿ ಮಾಡಲು ಯಾರಿಗೆ ತಿಳಿಸುತ್ತೀರಿ? ಒಳ್ಳೆಯ ಕೌನ್ಸೆಲರ್ ಇವೆರಡಕ್ಕೂ ನೇರವಾಗಿ ಉತ್ತರ ಕೊಡುತ್ತಾರೆ.

ಆ ಕೋಣೆ ಇಷ್ಟವಾಗದಿದ್ದರೆ ಫ್ಯಾಕ್ಟರಿಗೆ ಸಂಬಂಧವಿಲ್ಲದ ದಾರಿಯೂ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರಿನಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಫೋನಿನಿಂದ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ದುಡ್ಡಿಲ್ಲದೆ, ಹಗಲು ರಾತ್ರಿ ಮಾತಾಡಬಹುದು.

ಆದರೆ ನೋವು ಎಲ್ಲಿಂದ ಬಂತು ಎಂಬುದನ್ನು ಬೇರೆ ಮಾಡಿ ನೋಡಿ ಎಂದೂ ಹೇಳಿದೆವು. ಮೇಲ್ವಿಚಾರಕ ಮೈಮುಟ್ಟಿದರೆ, ಅಸಹ್ಯವಾಗಿ ಮಾತಾಡಿದರೆ, ಅದು ಕೌನ್ಸೆಲಿಂಗಿನಲ್ಲಿ ಹೇಳಿ ಸಮಾಧಾನ ಮಾಡಿಕೊಳ್ಳುವ ವಿಷಯ ಮಾತ್ರವಲ್ಲ. 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಅದಕ್ಕೆಂದೇ ಆಂತರಿಕ ಸಮಿತಿ ಇರಬೇಕು. ಮೂರು ತಿಂಗಳೊಳಗೆ ಬರೆದು ದೂರು ಕೊಡಬಹುದು. ಟಾರ್ಗೆಟ್, ಸಂಬಳ, ಪಿ.ಎಫ್. ಮಾತಾದರೆ ಜೊತೆಗಾರರ ಜೊತೆ ಸೇರಿ ಕೇಳಬೇಕು. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯುವ ನಿಯಮ ಬದಲಾದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಬಂದರು. ಸರ್ಕಾರ ಆ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಆ ಸಂಕಟವನ್ನು ಅವರು ಒಬ್ಬೊಬ್ಬರಾಗಿ ಒಂದು ಕೋಣೆಯಲ್ಲಿ ಹೇಳಿಕೊಂಡು ಮನೆಗೆ ಹೋಗಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ. ನಿಯಮ ಹಾಗೇ ಉಳಿಯುತ್ತಿತ್ತು.

ಹಾಥಾರ್ನ್ ಕಾರ್ಖಾನೆ 1980ರ ದಶಕದಲ್ಲಿ ಮುಚ್ಚಿತು. ಅಲ್ಲಿ 21,000 ಜನ ಆಡಿದ ಮಾತಿನಿಂದ ನಮಗೆ ಉಳಿದ ಪಾಠ ಒಂದೇ: ದುಃಖಕ್ಕೆ ಕಿವಿ ಬೇಕು, ಅನ್ಯಾಯಕ್ಕೆ ಕೈ ಬೇಕು. ಒಂದರ ಜಾಗದಲ್ಲಿ ಇನ್ನೊಂದನ್ನು ಕೊಟ್ಟರೆ ಎರಡೂ ಕೆಲಸಕ್ಕೆ ಬರುವುದಿಲ್ಲ.

ಅಕ್ಕ ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಸರಿ, ಬರೋ ವಾರ ಹೋಗ್ತೀನಿ. ಆದರೆ ಮೊದಲು ಆ ಎರಡು ಪ್ರಶ್ನೆ ಕೇಳ್ತೀನಿ" ಎಂದರು. ಮರುದಿನ ಆರೂವರೆಗೆ ಮತ್ತೆ ಬಸ್ಸು ಬಂತು.

ನಿಮ್ಮ ಮನೆಯಿಂದಲೂ ಯಾರಾದರೂ ಇಂಥ ಬಸ್ಸು ಹತ್ತುತ್ತಿದ್ದರೆ ಇದನ್ನು ಓದಿ ಹೇಳಿ.